ಕರೆಂಟ್ ಕೊಟ್ಟರೆ ಮಿದುಳು ಸುಟ್ಟು ಹೋಗುತ್ತದೆಯೇ?

ಪ್ರಶ್ನೆ: ನಮ್ಮವ್ವಗ ನಾಕ ತಿಂಗಳಿಂದ ಡಿಪ್ರೆಶನ್ ಐತ್ರಿ. ಊಟ ಬಿಟ್ಟಾಳ, ಮಾತೂ ಬಿಟ್ಟಾಳ. ಎರಡು ನಮೂನಿ ಗುಳಿಗಿ ಕೊಟ್ರೂ ಕಡಿಮಿ ಆಗಿಲ್ಲ. ಧಾರವಾಡದಾಗ ಡಾಕ್ಟರ್ ಇಸಿಟಿ ಮಾಡೂಣು ಅಂದಾರ. ತಲಿಗೆ ಕರೆಂಟ್ ಕೊಟ್ರ ಮಿದುಳು ಸುಟ್ಟು ಹೋಗೂದಿಲ್ಲೇನ್ರಿ?
(ಗದಗ)

ಉತ್ತರ: ಇಲ್ಲ, ಸುಡುವುದಿಲ್ಲ. ಹರಿಯುವುದು ಸುಮಾರು 0.8 ಆಂಪಿಯರ್, ಅದೂ ಮಿಲಿಸೆಕೆಂಡ್ ಲೆಕ್ಕದ ತುಣುಕು ತುಣುಕಾಗಿ, ಹೆಚ್ಚೆಂದರೆ 8 ಸೆಕೆಂಡ್. ಬಹುಪಾಲು ತಲೆಯ ಚರ್ಮದಲ್ಲೇ ಹಾದುಹೋಗುತ್ತದೆ. ಒಳಗೆ ಇಳಿಯುವುದು ಸ್ವಲ್ಪ. ಊಟ ಬಿಟ್ಟವರಿಗೆ ಗುಳಿಗೆಗಿಂತ ಬೇಗ ಫಲ ಕೊಡುವ ಚಿಕಿತ್ಸೆ ಇದು.

ಗುಣ ಮಾಡುವುದು ಕರೆಂಟ್ ಅಲ್ಲ, ಅದು ಎಬ್ಬಿಸುವ ಫಿಟ್ಸ್. ಅದು ಸಾಮಾನ್ಯವಾಗಿ 20ರಿಂದ 60 ಸೆಕೆಂಡ್ ಇರುತ್ತದೆ. ಅದನ್ನು ತಡೆದು ನಿಲ್ಲಿಸುವುದೂ ಮಿದುಳೇ. ಸರದಿ ಮುಂದುವರಿದಂತೆ ಕರೆಂಟಿನ ಮೊದಲಿನ ಡೋಸಿಗೆ ಫಿಟ್ಸ್ ಬಾರದೆ ಡೋಸ್ ಏರಿಸಬೇಕಾಗುತ್ತದೆ, ಅಂದರೆ ಮಿದುಳಿನ ತಡೆಯುವ ಶಕ್ತಿ ಬಲಿತಿದೆ ಎಂದರ್ಥ. ಹಿಪೊಕ್ಯಾಂಪಸ್ ಎಂಬ ಭಾಗ ಸ್ವಲ್ಪ ಹಿಗ್ಗುವುದೂ ಎಂಆರ್‌ಐನಲ್ಲಿ ಕಂಡಿದೆ. ಆದರೆ ಹಿಗ್ಗಿದಷ್ಟೂ ಗುಣ ಹೆಚ್ಚು ಎಂಬ ಲೆಕ್ಕ ಕೂಡಿಬಂದಿಲ್ಲ.

ನೆನಪಿಗೆ ಬೇಕಾದದ್ದೂ ಇದೇ ಹಿಪೊಕ್ಯಾಂಪಸ್. ಹೀಗಾಗಿ ಚಿಕಿತ್ಸೆಯ ವಾರಗಳಲ್ಲಿ ಮರೆವು ಬರುತ್ತದೆ. ಹೊಸದನ್ನು ನೆನಪಿಡುವ ಶಕ್ತಿ ಕೆಲವು ವಾರಗಳಲ್ಲಿ ಮರಳುತ್ತದೆ. ಆ ದಿನಗಳ ಆಸುಪಾಸಿನ ಕೆಲವು ನೆನಪು ಮಾತ್ರ ಮರಳದೇ ಇರಬಹುದು. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ. ತಲೆಯ ಬಲಭಾಗಕ್ಕೆ ಮಾತ್ರ ಕರೆಂಟ್ ಕೊಟ್ಟರೆ ಮರೆವು ಕಡಿಮೆ, ಆದರೆ ಅದಕ್ಕೆ ಫಿಟ್ಸ್ ಬರಿಸುವ ಕನಿಷ್ಠ ಡೋಸಿನ ಆರು ಪಟ್ಟು ಬೇಕಾಗುತ್ತದೆ. ಹಣೆಯ ಎರಡೂ ಪಕ್ಕಕ್ಕಾದರೆ ಒಂದೂವರೆ ಪಟ್ಟು ಸಾಕು.

ಅರಿವಳಿಕೆ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಡುವ ಮೊದಲು ಒಂದು ಕಣಕಾಲಿಗೆ ಬಿಪಿ ಪಟ್ಟಿ ಬಿಗಿಯುತ್ತಾರೆ. ಔಷಧ ಆ ಪಾದಕ್ಕೆ ಇಳಿಯುವುದಿಲ್ಲ. ಮೈಯೆಲ್ಲ ಬಹುತೇಕ ಅಲ್ಲಾಡದೆ ಮಲಗಿದ್ದರೂ ಆ ಬೆರಳುಗಳು ಮಿಡಿಯುತ್ತವೆ. ಫಿಟ್ಸ್ ಎಷ್ಟು ಹೊತ್ತು ಇತ್ತು ಎಂದು ಎಣಿಸುವುದು ಅದನ್ನು ನೋಡಿ, ಜೊತೆಗೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ನೋಡಿ.

ಇಸಿಟಿಗೆ ಖಾಲಿ ಹೊಟ್ಟೆಯಲ್ಲೇ ಬರಬೇಕು. ಮನೆಯವರು ತಪ್ಪುವುದು ಹೆಚ್ಚಾಗಿ ಚಹಾದಲ್ಲಿ. "ಪಾಪ, ರಾತ್ರಿಯಿಂದ ಏನೂ ತಿಂದಿಲ್ಲ" ಎಂದು ಅರ್ಧ ಕಪ್ ಹಾಲಿನ ಚಹಾ ಕುಡಿಸಿದರೂ ಅರಿವಳಿಕೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಕುಡಿಸಿಬಿಟ್ಟಿದ್ದರೆ ಮುಚ್ಚಿಡದೆ ಹೇಳಿ, ಮರುದಿನಕ್ಕೆ ಹಾಕುತ್ತಾರೆ. ತಲೆಗೆ ಎಣ್ಣೆ ಬೇಡ, ಕರೆಂಟ್ ಸರಿಯಾಗಿ ದಾಟುವುದಿಲ್ಲ. ಕಟ್ಟಿಸಿದ ಹಲ್ಲು ತೆಗೆಸಿ. ಅಲುಗಾಡುವ ಹಲ್ಲಿದ್ದರೆ ತಿಳಿಸಿ. ಲೋರಾಜೆಪಾಮ್‌ನಂಥ ನಿದ್ದೆ ಗುಳಿಗೆ ಫಿಟ್ಸನ್ನೇ ತಡೆಯುತ್ತದೆ, ಹೀಗಾಗಿ ತೆಗೆದುಕೊಳ್ಳುವ ಎಲ್ಲ ಗುಳಿಗೆಯ ಚೀಟಿ ಒಯ್ಯಿರಿ.

ವಾರಕ್ಕೆ ಎರಡು ಮೂರರಂತೆ ಒಟ್ಟು 6ರಿಂದ 12 ಸಲ ಆಗುತ್ತದೆ. ಅವ್ವ ಮತ್ತೆ ರೊಟ್ಟಿ ಕೇಳಿ ಉಂಡರೂ ಡಿಪ್ರೆಶನ್ ಗುಳಿಗೆ ನಿಲ್ಲಿಸಬೇಡಿ. ನಿಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸುತ್ತದೆ.