ಕೆಂಪು ಕೂದಲು ಎಷ್ಟು ದಿನ ಕೆಂಪಾಗಿಯೇ ಇರುತ್ತದೆ?

ಪ್ರಶ್ನೆ: ಅಕ್ಕಾ, ನಾನು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. ಮೇ ತಿಂಗಳಲ್ಲಿ ಗದಗದಲ್ಲಿ ಅಣ್ಣನ ಮದುವೆ. ಅಷ್ಟರೊಳಗೆ ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಳ್ಳುವ ಆಸೆ ಇದೆ. ಎರಡು ವರ್ಷದಿಂದ ಮದರಂಗಿ ಹಚ್ಚುತ್ತಿದ್ದೇನೆ. ನನ್ನ ಗೆಳತಿಯ ಕೆಂಪು ಒಂದೇ ತಿಂಗಳಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿತು. ಬೇರೆ ಬಣ್ಣಗಳಿಗಿಂತ ಕೆಂಪೇ ಏಕೆ ಇಷ್ಟು ಬೇಗ ಮಾಸುತ್ತದೆ? ಹಾಕಿಸಿಕೊಳ್ಳಲೋ ಬೇಡವೋ?

ಉತ್ತರ: ಹಾಕಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ಇಷ್ಟು ವರ್ಷ ಪಾರ್ಲರ್ ನಡೆಸಿದ ಮೇಲೂ ನನ್ನ ಕೈಗೆ ಹೆಚ್ಚು ಖುಷಿ ಕೊಡುವ ಬಣ್ಣ ಕೆಂಪೇ. ಆದರೆ ಪೊಟ್ಟಣದ ಮೇಲಿನ ಚಿತ್ರ ನೋಡಿ ತೀರ್ಮಾನಿಸಬೇಡಿ. ನಿಮ್ಮ ಸ್ನಾನದ ಮನೆಗೆ ಯಾವ ನೀರು ಬರುತ್ತದೆ, ವಾರಕ್ಕೆ ಎಷ್ಟು ಸಲ ತಲೆ ಎರೆದುಕೊಳ್ಳುತ್ತೀರಿ ಎಂಬುದನ್ನು ಮೊದಲು ಲೆಕ್ಕ ಹಾಕಿ.

ನಮ್ಮ ಕಪ್ಪು ಕೂದಲಿನ ಒಳಗೇ ಕೆಂಪು ಅಡಗಿದೆ. ಕೂದಲಿಗೆ ಬಣ್ಣ ಕೊಡುವ ಮೆಲನಿನ್‌ನಲ್ಲಿ ಎರಡು ಬಗೆ: ಕಪ್ಪು-ಕಂದು ಛಾಯೆಯ ಯೂಮೆಲನಿನ್, ಕೆಂಪು-ಹಳದಿ ಛಾಯೆಯ ಫಿಯೋಮೆಲನಿನ್. ಬ್ಲೀಚ್ ಹಚ್ಚಿದಾಗ ಮೊದಲು ಸೋಲುವುದು ಯೂಮೆಲನಿನ್. ಹಾಗಾಗಿ ಕಪ್ಪು ಕೂದಲು ಕೆಂಗಂದು, ಕಿತ್ತಳೆ, ಹಳದಿ ಹೀಗೆ ಮೆಟ್ಟಿಲು ಇಳಿಯುತ್ತ ಹೋಗುತ್ತದೆ. ನೀಲಿ ಅಥವಾ ಬೂದಿ ಬಣ್ಣ ಬೇಕೆಂದರೆ ಹಳದಿಯ ತನಕ ಇಳಿಸಲೇಬೇಕು, ಅಷ್ಟರಲ್ಲಿ ಕೂದಲು ನಾರಿನಂತಾಗಿರುತ್ತದೆ. ಕೆಂಪಿಗೆ ಅರ್ಧ ದಾರಿಯಲ್ಲೇ ನಿಲ್ಲಬಹುದು. ಗಾಢ ಕೆಂಪು ಸಾಕೆನ್ನುವವರಿಗೆ ಬ್ಲೀಚ್ ಕೂಡ ಬೇಡ, ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಸಾಮಾನ್ಯ ಡೈ ಸಾಕು. ನೆರಳಿನಲ್ಲಿ ಕಪ್ಪಾಗಿಯೇ ಕಾಣುವ ಆ ಕೂದಲು ಬಿಸಿಲಿಗೆ ಬಂದೊಡನೆ ದಾಳಿಂಬೆಯ ಕಾಳಿನಂತೆ ಹೊಳೆಯುತ್ತದೆ. ನಮ್ಮ ಮೈಬಣ್ಣಕ್ಕೆ ಅದು ಎಷ್ಟು ಒಪ್ಪುತ್ತದೆ ಎಂಬುದನ್ನು ಕನ್ನಡಿಯ ಮುಂದೆ ದಿನವೂ ನೋಡುತ್ತೇನೆ.

ಇನ್ನು ಮಾಸುವ ಮಾತು. ಡೈನಲ್ಲಿರುವ ಅಮೋನಿಯಾ ಕೂದಲಿನ ಹೊರಪದರದ ಹುರುಪೆಗಳನ್ನು ಎಬ್ಬಿಸುತ್ತದೆ. ಆ ಸಂದಿನಿಂದ ಬಣ್ಣದ ಸಣ್ಣ ಕಣಗಳು ಒಳಗೆ ಹೋಗಿ, ಪೆರಾಕ್ಸೈಡ್‌ನ ನೆರವಿನಿಂದ ಒಂದಕ್ಕೊಂದು ಕೂಡಿಕೊಂಡು ಬಣ್ಣವಾಗುತ್ತವೆ. ಕಪ್ಪು, ಕಂದು ಬಣ್ಣಗಳು ಅಲ್ಲಿ ಗಟ್ಟಿಯಾಗಿ ಕೂರುತ್ತವೆ. ಕೆಂಪಿಗೆ ಅಷ್ಟು ಹಿಡಿತ ಇಲ್ಲ. ಕೂದಲು ನೀರಿನಲ್ಲಿ ನೆನೆದು ಉಬ್ಬಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಹೊಸ ಕೆಂಪು ಸೀರೆಯನ್ನು ಮೊದಲ ಸಲ ನೆನೆಸಿದ ಬಕೆಟ್ ನೆನಪಿಸಿಕೊಳ್ಳಿ, ಅದೇ ನೀರು ನಿಮ್ಮ ಬೆನ್ನ ಮೇಲೆ ಇಳಿಯುತ್ತದೆ. ಮೊದಲ ಎರಡು ವಾರ ಬಿಳಿ ಟವೆಲ್, ಬಿಳಿ ದಿಂಬಿನ ಗವಸು ಎರಡನ್ನೂ ಎತ್ತಿಡಿ.

ಬಿಸಿಲೂ ಕೆಂಪಿಗೆ ವೈರಿ. ನಮ್ಮ ಪಕ್ಕದ ಬ್ಯಾಡಗಿಯ ವ್ಯಾಪಾರಿಗಳು ಮೆಣಸಿನಕಾಯಿಯ ಬಣ್ಣ ಇಳಿಯಬಾರದೆಂದು ಶೀತಲಗೃಹದ ಕತ್ತಲಲ್ಲಿ ಚೀಲಗಳನ್ನು ಒಟ್ಟುತ್ತಾರೆ. ಮೆಣಸಿನಕಾಯಿಯ ಕೆಂಪೇ ಬೇರೆ, ಡೈನ ಕೆಂಪೇ ಬೇರೆ. ಬೆಳಕು, ಶಾಖಗಳಿಗೆ ಎರಡೂ ಬಾಡುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟಿ ಓಡಿಸುವಾಗ ಹೆಲ್ಮೆಟ್ ಒಳಗೆ ಹತ್ತಿಯ ದುಪಟ್ಟಾ ಕಟ್ಟಿಕೊಳ್ಳಿ.

ನಿಮ್ಮ ಗೆಳತಿಯ ತುಕ್ಕಿಗೆ ನೀರೂ ಕಾರಣವಾಗಿರಬಹುದು. ಬಾಡಿಗೆ ರೂಮುಗಳಲ್ಲಿ ಬಹುತೇಕ ಬೋರ್‌ವೆಲ್ ನೀರು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಪದರ ಕಟ್ಟಿ ಹೊಳಪನ್ನು ಮಂಕಾಗಿಸುತ್ತವೆ. ಬಕೆಟ್ಟಿನ ಒಳಗೆ ಬಿಳಿಯ ಗೆರೆ ಕೂತಿದ್ದರೆ, ಸಾಬೂನು ನೊರೆ ಬಿಡದಿದ್ದರೆ ನಿಮ್ಮದೂ ಗಡಸು ನೀರೇ. ನನ್ನ ಉಪಾಯ ಸರಳ: ನಲ್ಲಿಯಲ್ಲಿ ಮಲಪ್ರಭೆಯ ನೀರು ಬಂದ ದಿನ ಎರಡು ಕೊಡ ತುಂಬಿಟ್ಟು, ಕೊನೆಯ ತಂಬಿಗೆಗಳನ್ನು ಅದರಿಂದಲೇ ಸುರಿದುಕೊಳ್ಳಿ. ಹಂಡೆಯ ಸುಡುಸುಡು ನೀರಿನಲ್ಲಿ ತಲೆ ಎರೆದುಕೊಳ್ಳುವ ನಮ್ಮ ರೂಢಿಯನ್ನು ಸ್ವಲ್ಪ ಕಾಲ ಬಿಡಬೇಕು. ಉಗುರು ಬೆಚ್ಚಗೆ ಸಾಕು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಎರೆದುಕೊಳ್ಳುವ ಮೊದಲು ಕೊಬ್ಬರಿ ಎಣ್ಣೆ ಸವರಿದರೆ ಕೂದಲಿನ ಪ್ರೋಟೀನ್ ಕಳೆದುಹೋಗುವುದು ಕಡಿಮೆಯಾಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮದರಂಗಿ. ಶುದ್ಧ ಮದರಂಗಿಯಿಂದ ಭಯವಿಲ್ಲ. ಅದರ ಲಾಸೋನ್ ಎಂಬ ಬಣ್ಣ ಕೂದಲಿನ ಕೆರಾಟಿನ್‌ಗೆ ಅಂಟಿಕೊಂಡು ಸುಲಭಕ್ಕೆ ಬಿಡುವುದಿಲ್ಲ. ಹಳೇ ಹುಬ್ಬಳ್ಳಿಯ ಹಿರಿಯರ ಬಿಳಿ ಗಡ್ಡದಲ್ಲಿ ಕಾಣುವ ಆ ಕಿತ್ತಳೆ ಕೆಂಪು ಅದರದೇ. ಕಪ್ಪನ್ನು ತಿಳಿಯಾಗಿಸುವ ಶಕ್ತಿ ಅದಕ್ಕಿಲ್ಲದ ಕಾರಣ ನಿಮ್ಮ ತಲೆಯಲ್ಲಿ ಬಿಸಿಲಿಗೆ ಮಾತ್ರ ಕಂಡಿರುತ್ತದೆ. ತೊಂದರೆ ಇರುವುದು ಕಲಬೆರಕೆ ಪುಡಿಯಲ್ಲಿ. ಬೇಗ ಬಣ್ಣ ಬರಲೆಂದು ಕೆಲವು ಪುಡಿಗಳಿಗೆ ಲೋಹದ ಲವಣ ಬೆರೆಸಿರುತ್ತಾರೆ. ಅಂಥ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಕಾವು ಏರಿ, ಕೂದಲು ತುಂಡಾಗಿ ಕೈಗೆ ಬರುತ್ತದೆ.

ಹಾಗಾಗಿ ಮದರಂಗಿ ಹಚ್ಚಿದವರು ಬಂದರೆ ಹಿಂದಲೆಯಿಂದ ಹತ್ತು ಎಳೆ ಕತ್ತರಿಸಿ ದಾರ ಕಟ್ಟುತ್ತೇನೆ. ಗಾಜಿನ ಬಟ್ಟಲಿನಲ್ಲಿ ಶೇ. 6ರ ಪೆರಾಕ್ಸೈಡ್, ಅದಕ್ಕೆ ಕೆಲವು ಹನಿ ಅಮೋನಿಯಾ ಹಾಕಿ ಅರ್ಧ ಗಂಟೆ ಅದ್ದಿಡುತ್ತೇನೆ. ಎಳೆಗಳ ಬಣ್ಣ ನಿಧಾನಕ್ಕೆ ತಿಳಿಯಾದರೆ ಸರಿ. ಒಮ್ಮೆ ಒಬ್ಬ ಹುಡುಗಿಯ ಎಳೆಗಳನ್ನು ಹಾಕಿದ ಸ್ವಲ್ಪ ಹೊತ್ತಿಗೇ ಗುಳ್ಳೆ ಎದ್ದು ಬಟ್ಟಲು ಬೆಚ್ಚಗಾಯಿತು. ಎತ್ತಿ ಎಳೆದರೆ ಎಳೆಗಳು ನೆನೆದ ಶಾವಿಗೆಯಂತೆ ಹರಿದವು. ಆ ಬಟ್ಟಲನ್ನು ಅವಳ ಕೈಗೇ ಕೊಟ್ಟೆ. ಹಚ್ಚಿದ ಭಾಗವೆಲ್ಲ ಬೆಳೆದು ಕತ್ತರಿಸಿ ಹೋಗುವ ತನಕ ಡೈ ಬೇಡವೆಂದು ಅವಳೇ ಹೇಳಿದಳು. ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಪಾರ್ಲರ್‌ನಲ್ಲೇ ಕೇಳಿ ಮಾಡಿಸಿ. ‘ಅದೆಲ್ಲ ಯಾಕೆ’ ಎನ್ನುವ ಕಡೆ ತಲೆ ಕೊಡಬೇಡಿ.

ಇನ್ನೊಂದು ಪರೀಕ್ಷೆ ಚರ್ಮದ್ದು. ಹಲವು ಡೈಗಳಲ್ಲೂ ‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲೂ ಪ್ಯಾರಾಫಿನಿಲೀನ್‌ಡೈಅಮೀನ್ ಇರುತ್ತದೆ. ಪೊಟ್ಟಣದ ಮೇಲೆ ಪಿಪಿಡಿ ಎಂದೂ ಬರೆದಿರುತ್ತಾರೆ. ವರ್ಷಗಟ್ಟಲೆ ಹಚ್ಚಿಯೂ ಏನೂ ಆಗದವರಿಗೆ ಒಂದು ದಿನ ಅಲರ್ಜಿ ಶುರುವಾಗಬಹುದು. ನನ್ನ ಬಳಿ ಬರುತ್ತಿದ್ದ ಶಿಕ್ಷಕಿಯೊಬ್ಬರು ಒಮ್ಮೆ ‘ಎಷ್ಟೋ ವರ್ಷದಿಂದ ಹಚ್ಚುತ್ತೇನಲ್ಲ, ಪರೀಕ್ಷೆ ಬೇಡ ಬಿಡಿ’ ಎಂದರು. ನಾನೂ ಒಪ್ಪಿದೆ. ಮೂರನೆಯ ದಿನ ಅವರ ರೆಪ್ಪೆಗಳು ಬಾತು ಕಣ್ಣು ಮುಚ್ಚಿಹೋಗಿದ್ದವು. ಆ ಮುಖ ಇಂದಿಗೂ ಕಣ್ಣ ಮುಂದಿದೆ. ಅಂದಿನಿಂದ 48 ಗಂಟೆ ಮೊದಲು ಕಿವಿಯ ಹಿಂದೆ ಒಂದು ಬೊಟ್ಟು ಹಚ್ಚಿ ನೋಡದೆ ಯಾರಿಗೂ ಡೈ ಹಾಕುವುದಿಲ್ಲ. ತುರಿಕೆ, ಉರಿ, ಕೆಂಪು ಏನೇ ಕಂಡರೂ ಅಲ್ಲಿಗೇ ಬಿಡಬೇಕು.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬೈತಲೆಯಲ್ಲಿ ಕಪ್ಪು ಗೆರೆ ಬೇಗ ಕಾಣುತ್ತದೆ. ಬ್ಲೀಚ್ ಇಲ್ಲದ ಗಾಢ ಕೆಂಪಿನಲ್ಲಿ ಆ ಗೆರೆ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಮನೆಯಲ್ಲಿ ಅಜ್ಜಿ ಏನೆನ್ನುತ್ತಾರೋ ಎಂಬ ಅಳುಕಿದ್ದರೂ ಅದೇ ಒಳ್ಳೆಯದು.

ಹಾಗಾದರೆ ದಿನ ಎಣಿಸೋಣ, ತಂಗಿ. ಮದುವೆಗೆ ಮೂರು ವಾರ ಇರುವಾಗಲೇ ಎಳೆಯ ಪರೀಕ್ಷೆ ಮಾಡಿಸಿ. ಬರುವಾಗ ಮದರಂಗಿಯ ಪೊಟ್ಟಣವನ್ನೂ ತನ್ನಿ, ಅದರಲ್ಲಿ ಏನೇನು ಬೆರೆಸಿದ್ದಾರೆಂದು ಓದಬೇಕು. ಅದರ ನಂತರ ಚರ್ಮದ ಪರೀಕ್ಷೆ. ಎರಡರಲ್ಲೂ ಪಾಸಾದರೆ ಮದುವೆಗೆ ಒಂದು ವಾರ ಮೊದಲು ಬಣ್ಣ, ಆಮೇಲೆ ಮೂರು ದಿನ ತಲೆಗೆ ನೀರು ಬೇಡ. ಸುರಗಿಯ ದಿನ ಅಣ್ಣನ ಜೊತೆ ನೀವೂ ಕೂರುವವರಿದ್ದರೆ ಹಳೆಯ ಸೀರೆ ಉಟ್ಟುಕೊಳ್ಳಿ. ಅರಿಶಿಣದ ನೀರಿನ ಜೊತೆ ಒಂದಿಷ್ಟು ಕೆಂಪೂ ಇಳಿಯುತ್ತದೆ.