ಸೊಂಟಕ್ಕೆ ಸಣ್ಣ ಕೋವಿ: ಆಯ್ಕೆಯ ಲೆಕ್ಕಾಚಾರ

ಕೊಡಗಿನವರಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ದಿನ ಪೂಜೆಗಿಟ್ಟ, ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಆಕಾಶಕ್ಕೆ ಹಾರಿಸಿದ ಜೋಡಿನಳಿಗೆಯನ್ನು ಚಿಕ್ಕಂದಿನಿಂದ ನೋಡಿ ಬೆಳೆದವರು ನಾವು. ಅದಕ್ಕೇ ಶಸ್ತ್ರ ತರಬೇತಿಗೆ ಬರುವ ನಮ್ಮವರಲ್ಲಿ ಒಂದು ಉಡಾಫೆ ಇರುತ್ತದೆ: ಹೆಗಲಿಗೇರುವ ಕೋವಿಯನ್ನೇ ಪಳಗಿಸಿದವರಿಗೆ ಅಂಗೈಯಗಲದ ಪಿಸ್ತೂಲು ಯಾವ ಲೆಕ್ಕ? ಈ ಟಿಪ್ಪಣಿ ಬರೆಯುತ್ತಿರುವುದೇ ಆ ಮಾತಿಗೆ ಎದುರಾಗಿ. ಹೆಗಲು, ಕೆನ್ನೆ, ಎರಡು ಕೈ ಎಂಬ ನಾಲ್ಕು ಆಸರೆಗಳಿರುವ ಬಂದೂಕಿಗೂ ಮುಂಗೈಯ ಬಲವೊಂದನ್ನೇ ನಂಬಿದ ಪಿಸ್ತೂಲಿಗೂ ಅಭ್ಯಾಸದಲ್ಲಿ ನೆಂಟಸ್ತಿಕೆ ಕಡಿಮೆ. ಅದನ್ನು ದಿನವೂ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವುದಂತೂ ಬೇರೆಯೇ ವಿದ್ಯೆ.

ಕಾನೂನು ಎಷ್ಟು ಬಾಗಿಲು ತೆರೆಯುತ್ತದೆ

ಅಂಗಡಿಗೆ ಹೋಗುವ ಮೊದಲು ಇದು ತಲೆಯಲ್ಲಿರಲಿ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇಷ್ಟು ಎಲ್ಲರಿಗೂ ಗೊತ್ತು. ಓದದೆ ಬಿಡುವುದು ಅದರ ಷರತ್ತನ್ನು. ವಿನಾಯಿತಿ ಪಡೆದವರು ಜಿಲ್ಲೆಯ ಹೊರಗೆ ಇರುವಾಗ ಅಥವಾ ಪ್ರಯಾಣಿಸುವಾಗ ಇಟ್ಟುಕೊಳ್ಳಬಹುದಾದದ್ದು ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ನುಣುಪು ನಳಿಗೆಯ ಬಂದೂಕು ಮತ್ತು ಅದರ 500 ತೋಟಾ. ಆ ಸಾಲಿನಲ್ಲಿ ಪಿಸ್ತೂಲಿನ ಹೆಸರೂ ಇಲ್ಲ, ರಿವಾಲ್ವರಿನ ಹೆಸರೂ ಇಲ್ಲ. ಕುಶಾಲನಗರದ ಸೇತುವೆ ದಾಟಿ ಮೈಸೂರಿಗೆ ಹೋಗುವವನ ಸೊಂಟದಲ್ಲಿರುವ ರಿವಾಲ್ವರ್‌ಗೆ ಅಜ್ಜನ ಕಾಲದ ವಿನಾಯಿತಿ ಆಸರೆಯಾಗುವುದಿಲ್ಲ. ದಿನನಿತ್ಯ ಒಯ್ಯುವ ಯೋಚನೆಯಿದ್ದರೆ ಜಿಲ್ಲಾಧಿಕಾರಿಯವರಿಂದ ಪ್ರತ್ಯೇಕ ಪರವಾನಗಿ ಪಡೆಯುವುದೇ ನೇರ ದಾರಿ. ಅದು ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದನ್ನು ಪರವಾನಗಿಯಲ್ಲೇ ಬರೆದಿರುತ್ತಾರೆ. ಆ ಸಾಲನ್ನು ಬೆರಳಿಟ್ಟು ಓದಿ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬ ಪರವಾನಗಿದಾರನಿಗೆ ಎರಡೇ ಆಯುಧ; ಮೊದಲು ಮೂರಿತ್ತು. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಅರ್ಜಿದಾರನಿಗೆ 21 ತುಂಬಿರಬೇಕು, ಸುರಕ್ಷತಾ ತರಬೇತಿ ಪಡೆದ ಪ್ರಮಾಣಪತ್ರ ಬೇಕು. ನಾವು ಈಗ ಓದುತ್ತಿರುವುದೇ ಅದಕ್ಕೆ.

ಇನ್ನೊಂದು ನಿಯಮ ಹಲವರಿಗೆ ಅಚ್ಚರಿ ತರುತ್ತದೆ. ಮುಚ್ಚಿಟ್ಟುಕೊಂಡು ಒಯ್ಯುವುದು ಕಳ್ಳತನದ ಲಕ್ಷಣ ಎಂದು ಭಾವಿಸುವವರಿದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವುದು ಅದರ ತಿರುಗುಮುರುಗು: ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಅದಕ್ಕೆಂದೇ ಮಾಡಿದ ಒರೆಯಲ್ಲಿ ಅಥವಾ ಅಂಥ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಎಲ್ಲರಿಗೂ ಕಾಣುವಂತೆ ಸಿಕ್ಕಿಸಿಕೊಂಡು ಮದುವೆ ಮನೆಯಲ್ಲಿ ಮೀಸೆ ತಿರುವುವುದಕ್ಕೆ ಅವಕಾಶವಿಲ್ಲ. ಝಳಪಿಸುವುದಂತೂ ಸಂಪೂರ್ಣ ನಿಷಿದ್ಧ.

ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ತಟ್ಟುವ ಸೂಕ್ಷ್ಮವೊಂದಿದೆ. ಕುಟ್ಟದಿಂದ ಹುಣಸೂರಿಗೆ ಹೋಗುವ ರಸ್ತೆ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಳಗೇ ಹಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅಲ್ಲಿಗೆ ಆಯುಧದೊಂದಿಗೆ ಪ್ರವೇಶಿಸುವಂತಿಲ್ಲ. ಪರವಾನಗಿ ಜೇಬಿನಲ್ಲಿದ್ದರೂ ಅದು ಬೇರೆ ಕಾನೂನು, ಇದು ಬೇರೆ. ಸೊಂಟದಲ್ಲಿ ಪಿಸ್ತೂಲಿದ್ದ ದಿನ ಸುತ್ತು ದಾರಿ ಹಿಡಿಯಿರಿ.

ಬೋರ್: ಇರುವುದರಲ್ಲೇ ಆರಿಸಬೇಕು

ಬೋರ್ ಎಂದರೆ ನಳಿಗೆಯ ಒಳ ಅಳತೆ. ಅಮೆರಿಕದ ವಿಡಿಯೊಗಳನ್ನು ನೋಡಿ ತಯಾರಾದವರು ತರಗತಿಗೆ ಬಂದ ಕೂಡಲೇ 9 ಎಂಎಂ ಕುರಿತು ಮಾತು ತೆಗೆಯುತ್ತಾರೆ. ಅಲ್ಲಿನ ಚರ್ಚೆಯೆಲ್ಲ ನಿಂತಿರುವುದೇ ಆ ಗುಂಡಿನ ಮೇಲೆ. ಇಲ್ಲಿ 9 ಎಂಎಂ ಮತ್ತು .38 ನಿಷೇಧಿತ ಬೋರ್‌ಗಳು. ಸಾಮಾನ್ಯ ನಾಗರಿಕನಿಗೆ ಸಿಗುವುದಿಲ್ಲ. ನಮ್ಮ ಪಾಲಿಗೆ ಬರುವುದು ಮುಖ್ಯವಾಗಿ .32, ಸ್ವಲ್ಪಮಟ್ಟಿಗೆ .22.

.32 ಎಂದರೆ ಒಂದೇ ಗುಂಡಲ್ಲ ಎಂಬುದನ್ನು ಗಮನಿಸಿ. ತಿರುಗುವ ಉರುಳೆಯಲ್ಲಿ ಗುಂಡು ಕೂರುವ ರಿವಾಲ್ವರ್‌ಗೆ ಬರುವುದು .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್: ಸುಮಾರು 6.35 ಗ್ರಾಂ ತೂಕದ ಸೀಸದ ಗುಂಡು, ಸೆಕೆಂಡಿಗೆ 215 ಮೀಟರ್ ಆಸುಪಾಸಿನ ವೇಗ. ಹಿಡಿಯೊಳಗಿನ ಮ್ಯಾಗಜೀನ್‌ನಿಂದ ಗುಂಡು ಮೇಲೇರುವ ಪಿಸ್ತೂಲಿಗೆ .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್): 4.6 ಗ್ರಾಂ, ಸುಮಾರು 275 ಮೀಟರ್. ಶಕ್ತಿ ಲೆಕ್ಕ ಹಾಕಿದರೆ ಮೊದಲನೆಯದು 150 ಜೌಲ್‌ನ ಹತ್ತಿರ, ಎರಡನೆಯದು 175ರ ಹತ್ತಿರ. ನಳಿಗೆ ಗಿಡ್ಡವಾದಂತೆ ಎರಡೂ ಇಳಿಯುತ್ತವೆ. 9 ಎಂಎಂ 450 ಜೌಲ್ ದಾಟುತ್ತದೆ. ಹಾಗಾದರೆ .32 ದಂಡವೇ? ಖಂಡಿತ ಅಲ್ಲ. ಆದರೆ ಗುಂಡು ಬೀಳುವ ಜಾಗ ಸರಿಯಾಗಿರಬೇಕಾದ ಅಗತ್ಯ ಹೆಚ್ಚು. ಆದ್ದರಿಂದಲೇ ನನ್ನ ವಾದ: ಈ ಬೋರ್‌ನಲ್ಲಿ ಆಯ್ಕೆ ಮಾಡುವಾಗ ಗುರಿ ಹಿಡಿಯುವ ಅನುಕೂಲಕ್ಕೆ ಮೊದಲ ಮಣೆ, ಅಡಗಿಸುವ ಅನುಕೂಲಕ್ಕೆ ಎರಡನೆಯದು.

ಕಾಡಾನೆಯ ಭಯಕ್ಕೆ ಪಿಸ್ತೂಲು ಕೊಳ್ಳುತ್ತೇನೆ ಎನ್ನುವವರು ತೋಟದವರಲ್ಲಿ ಇದ್ದೇ ಇದ್ದಾರೆ. 175 ಜೌಲ್ ಆನೆಗೆ ಏನೂ ಅಲ್ಲ. ಅದನ್ನು ಕೆಣಕುವುದಕ್ಕೆ ಮಾತ್ರ ಸಾಕು. ಆನೆಯ ಸುದ್ದಿ ಬಂದ ದಿನ ತೋಟಕ್ಕೆ ತಡವಾಗಿ ಇಳಿಯುವುದು ಇದಕ್ಕಿಂತ ಒಳ್ಳೆಯ ಆಯುಧ.

ಮಾರುಕಟ್ಟೆಯಲ್ಲಿ ಕಾಣುವವು

ಸರ್ಕಾರಿ ಕಾರ್ಖಾನೆಗಳ ಹಳೆಯ .32 ರಿವಾಲ್ವರ್ ನಡು ಮುರಿದು ತೆರೆಯುವ ಮಾದರಿಯದು: ಕೊಂಡಿ ತಳ್ಳಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಆರೂ ಖಾಲಿ ತೋಟಾಗಳು ಒಟ್ಟಿಗೆ ಮೇಲೇಳುತ್ತವೆ. 2014ರಲ್ಲಿ ಕಾನ್ಪುರದಿಂದ ಬಂದ ನಿರ್ಭೀಕ್ ಅದೇ ಕುಲದ ಹಗುರ ಕೂಸು, ಟೈಟಾನಿಯಂ ಮಿಶ್ರಲೋಹದ್ದು, ಸುಮಾರು 500 ಗ್ರಾಂ. ಮಹಿಳೆಯರಿಗೆಂದು ಪ್ರಚಾರ ಮಾಡಿದ್ದು ಇದನ್ನೇ. 2023ರಲ್ಲಿ ಬಂದ ಪ್ರಬಲ್‌ನಲ್ಲಿ ಗುಂಡಿನ ಉರುಳೆ ಪಕ್ಕಕ್ಕೆ ಹೊರಳುತ್ತದೆ. 76 ಮಿಲಿಮೀಟರ್ ನಳಿಗೆ, 675 ಗ್ರಾಂ ತೂಕ. .32 ಎಸಿಪಿ ಬೇಕೆಂದರೆ ಅಶನಿ ಪಿಸ್ತೂಲು. ಈಶಾಪುರದ ನಿಡರ್ ಎಂಬ .22 ರಿವಾಲ್ವರ್ ಅಂಗೈಯಲ್ಲಿ ಇಟ್ಟದ್ದೇ ತಿಳಿಯದಷ್ಟು ಹಗುರ, 250 ಗ್ರಾಂ. ಆಸೆ ಹುಟ್ಟಿಸುವ ಅಂಕಿ ಅದು, ಅಲ್ಲವೇ? ಈಗ ಲೆಕ್ಕಕ್ಕೆ ಬರೋಣ.

ಹಗುರದ ಬೆಲೆ

ಗುಂಡು ಮುಂದಕ್ಕೆ ಹೋದಷ್ಟೇ ಆವೇಗ ಆಯುಧಕ್ಕೆ ಹಿಂದಕ್ಕೆ ಬರುತ್ತದೆ. ಪಿಯುಸಿಯಲ್ಲಿ ಓದಿದ ಸೂತ್ರವೇ. .32 ಲಾಂಗ್ ಗುಂಡಿನ ಆವೇಗ: 0.00635 ಕೆ.ಜಿ. ಗುಣಿಸು 215, ಅಂದರೆ ಸುಮಾರು 1.37. ಮದ್ದಿನ ಅನಿಲದ ಪಾಲನ್ನು ಇಲ್ಲಿ ಬಿಟ್ಟಿದ್ದೇನೆ. ಇದನ್ನು 0.675 ಕೆ.ಜಿ.ಯಿಂದ ಭಾಗಿಸಿದರೆ ರಿವಾಲ್ವರ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹಿಮ್ಮೆಟ್ಟುತ್ತದೆ. 0.5 ಕೆ.ಜಿ.ಯಿಂದ ಭಾಗಿಸಿದರೆ 2.7 ಮೀಟರ್. ಒದೆತದ ಶಕ್ತಿ ಸುಮಾರು 1.4 ಜೌಲ್‌ನಿಂದ 1.9ಕ್ಕೆ ಏರುತ್ತದೆ, ಅಂದರೆ ಮೂರನೇ ಒಂದು ಪಾಲಿನಷ್ಟು ಹೆಚ್ಚು. ಹಗುರವಾದದ್ದು ಕೈಗೆ ಸೌಮ್ಯ ಎಂಬ ನಂಬಿಕೆ ಇಲ್ಲಿಗೆ ಮುಗಿಯಿತು. ಮಹಿಳೆಗೆ ಹಗುರದ್ದೇ ಕೊಡಿಸಬೇಕೆಂಬ ಹಟವೂ ಮುಗಿಯಬೇಕು. ಅಂಗೈ ಚಿಕ್ಕದಿದ್ದವರಿಗೆ ನಿಜವಾಗಿ ಬೇಕಾದದ್ದು ಬೆರಳಿಗೆ ನಿಲುಕುವ ಟ್ರಿಗರ್.

ಟ್ರಿಗರ್ ವಿಷಯ ಇನ್ನೂ ಮುಖ್ಯ. ರಿವಾಲ್ವರ್‌ನಲ್ಲಿ ಸುತ್ತಿಗೆಯನ್ನು (ತೋಟಾ ಸಿಡಿಸಲು ಬಡಿಯುವ ಹಿಂಬದಿಯ ಭಾಗ) ಮೊದಲೇ ಎಳೆದಿಡದೆ ನೇರ ಟ್ರಿಗರ್ ಒತ್ತಿದರೆ ಬೇಕಾಗುವ ಬಲ ಸಾಮಾನ್ಯವಾಗಿ ನಾಲ್ಕರಿಂದ ಐದೂವರೆ ಕೆ.ಜಿ. ಅರ್ಧ ಕೆ.ಜಿ. ತೂಕದ ವಸ್ತುವನ್ನು ಅಲುಗಾಡಿಸದೆ ಹಿಡಿದು, ಅದರ ತೂಕದ ಹತ್ತು ಪಟ್ಟು ಬಲವನ್ನು ಒಂದೇ ಬೆರಳಿನಿಂದ ಹಾಕಬೇಕು. ಇಡೀ ಮುಂಗೈ ಸೇರಿ ಹಿಂಡುತ್ತದೆ, ನಳಿಗೆ ಕೆಳಕ್ಕೆ ವಾಲುತ್ತದೆ. ಹೊಸಬರ ಗುಂಡುಗಳು ಗುರಿಹಲಗೆಯ ಕೆಳಮೂಲೆಯಲ್ಲಿ ಗುಂಪುಗೂಡುವುದು ಇದರಿಂದ.

ಗುರಿ ಹಿಡಿಯಲು ಆಯುಧದ ಮೇಲೆ ಹಿಂದೊಂದು ಮುಂದೊಂದು ಇರುವ ಗುರಿಕಡ್ಡಿಗಳ ನಡುವಿನ ಅಂತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂತರ 150 ಮಿಲಿಮೀಟರ್ ಇದ್ದು ಮುಂದಿನ ಕಡ್ಡಿ ಒಂದು ಮಿಲಿಮೀಟರ್ ಜರುಗಿದರೆ ಏಳು ಮೀಟರ್ ದೂರದಲ್ಲಿ ಗುಂಡು 47 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಅಂತರ 100 ಆದರೆ 70 ಮಿಲಿಮೀಟರ್. ನಳಿಗೆ ಗಿಡ್ಡವಾದಷ್ಟೂ ತಪ್ಪು ದೊಡ್ಡದು. ತುಂಬ ಪುಟ್ಟ ಆಯುಧ ನುರಿತವರಿಗೇ ಸರಿ. ಅದನ್ನು ಹೊಸಬರಿಗೆ ಶಿಫಾರಸು ಮಾಡುವ ಪದ್ಧತಿ ನನಗೆ ಇಂದಿಗೂ ಅರ್ಥವಾಗದ ಒಗಟು.

ಪಿಸ್ತೂಲೋ ರಿವಾಲ್ವರೋ

ಪಿಸ್ತೂಲು ಚಪ್ಪಟೆ, ಅಂಗಿಯಡಿ ಸುಲಭವಾಗಿ ಒರಗುತ್ತದೆ. ರಿವಾಲ್ವರ್‌ನ ಉರುಳೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಆದರೆ .32 ಎಸಿಪಿ ಪಿಸ್ತೂಲುಗಳಲ್ಲಿ ಹೆಚ್ಚಿನವು ಸ್ಪ್ರಿಂಗ್‌ನ ಬಿಗಿಯನ್ನೂ ಸ್ಲೈಡ್‌ನ (ಮೇಲ್ಗಡೆ ಹಿಂದೆ ಮುಂದೆ ಸರಿಯುವ ಲೋಹದ ಭಾಗ) ತೂಕವನ್ನೂ ನಂಬಿ ಕೆಲಸ ಮಾಡುತ್ತವೆ. ಹಾಗಾಗಿ ಸ್ಲೈಡ್ ಎಳೆಯುವುದಕ್ಕೆ ಕಸುವು ಬೇಕು. ಮಣಿಕಟ್ಟು ಹಿಡಿದುಕೊಂಡಿರುವ ಹಿರಿಯರು ಗುಂಡು ತುಂಬಲೂ ಒದ್ದಾಡುತ್ತಾರೆ, ಖಾಲಿ ಮಾಡಲೂ ಒದ್ದಾಡುತ್ತಾರೆ, ಎರಡನೆಯದು ಅಪಾಯ. ತೋಟಾ ಸಿಡಿಯದಿದ್ದರೆ ರಿವಾಲ್ವರ್‌ನಲ್ಲಿ ಮತ್ತೊಮ್ಮೆ ಟ್ರಿಗರ್ ಒತ್ತಿದರೆ ಮುಂದಿನದು ಎದುರು ಬರುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತಟ್ಟಿ, ಸ್ಲೈಡ್ ಎಳೆದು, ಮತ್ತೆ ಗುರಿ ಹಿಡಿಯಬೇಕು. ಇದನ್ನು ಕೈ ತಾನಾಗಿ ಮಾಡುವಷ್ಟು ಅಭ್ಯಾಸ ಮಾಡುವವರಿಗೆ ಮಾತ್ರ ಪಿಸ್ತೂಲು ಎನ್ನುವುದು ನನ್ನ ನಿಲುವು. ರಿವಾಲ್ವರ್ ಹಿಡಿಯುವವರಿಗೆ ಒಂದು ಎಚ್ಚರಿಕೆ: ಉರುಳೆ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಅನಿಲ ಚಿಮ್ಮುತ್ತದೆ. ಹೆಬ್ಬೆರಳು ಅಲ್ಲಿಗೆ ಚಾಚದಿರಲಿ.

ಎಲ್ಲಿ ಇಡುವುದು

ಹೊರಗೆ ಎದ್ದು ಕಾಣುವುದು ನಳಿಗೆ ಎಂದು ಎಲ್ಲರ ಊಹೆ. ನಳಿಗೆ ಪ್ಯಾಂಟಿನೊಳಗೆ ತೊಡೆಯ ಪಕ್ಕ ಇಳಿದು ಮರೆಯಾಗುತ್ತದೆ. ಅಂಗಿಯನ್ನು ಚುಚ್ಚಿ ನಿಲ್ಲುವುದು ಹಿಡಿ. ಬಗ್ಗಿ ಕಾಫಿ ಗಿಡದ ಬುಡ ನೋಡುವಾಗ ಬೆನ್ನ ಕಡೆಗೆ ಗೂಟದಂತೆ ಎದ್ದು ನಿಲ್ಲುವುದೂ ಅದೇ. ಆದ್ದರಿಂದ ಗಿಡ್ಡ ನಳಿಗೆಗಿಂತ ಗಿಡ್ಡ ಹಿಡಿ ಅಡಗಲು ಹೆಚ್ಚು ನೆರವಾಗುತ್ತದೆ. ಆದರೆ ಹಿಡಿ ಗಿಡ್ಡವಾದರೆ ಕಿರುಬೆರಳು ಗಾಳಿಯಲ್ಲಿ ತೇಲುತ್ತದೆ. ಕಿರುಬೆರಳು ಹಿಡಿಯ ಮೇಲೆ ಕೂರದ ಆಯುಧವನ್ನು ನಾನು ಪಟ್ಟಿಯಿಂದ ತೆಗೆದುಬಿಡುತ್ತೇನೆ. ಉಳಿದ ತೊಂದರೆಯನ್ನು ಸ್ವಲ್ಪ ಸಡಿಲ ಅಂಗಿ, ಬಾಗದ ದಪ್ಪ ಬೆಲ್ಟ್, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಒರೆ ತೀರಿಸುತ್ತವೆ. ಒರೆಯಿಲ್ಲದೆ ಬರಿದೇ ಸೊಂಟಕ್ಕೆ ಸಿಕ್ಕಿಸುವುದು ಸಿನಿಮಾದವರಿಗೆ ಬಿಟ್ಟದ್ದು.

ವ್ಯಾನಿಟಿ ಬ್ಯಾಗ್ ಬೇಡ. ಚೀಲವನ್ನು ಬಸ್ಸಿನ ಸೀಟಿನ ಮೇಲೆ ಇಡುತ್ತೇವೆ, ಮದುವೆ ಮಂಟಪದಲ್ಲಿ ಯಾರದೋ ಕೈಗೆ ಕೊಡುತ್ತೇವೆ, ಮಕ್ಕಳು ಚಾಕೊಲೇಟ್ ಹುಡುಕುತ್ತಾರೆ. ಹತೋಟಿಯಲ್ಲಿರಬೇಕೆಂದು ನಿಯಮ ಹೇಳುವ ವಸ್ತು ಹತೋಟಿ ತಪ್ಪುವುದು ಹೀಗೆಯೇ. ಕೊಡವ ಶೈಲಿಯಲ್ಲಿ ಸೀರೆ ಉಡುವವರಿಗೆ ನೆರಿಗೆ ಹಿಂದಕ್ಕೆ ಹೋಗುವುದರಿಂದ ಬೆನ್ನ ಕಡೆಯ ಜಾಗವೂ ಸಿಗುವುದಿಲ್ಲ. ಆ ದಿನ ಆಯುಧ ಮನೆಯ ಬೀರುವಿನಲ್ಲಿ ಬೀಗದೊಳಗೆ ಇರಲಿ.

ಮಳೆಗಾಲ

ಇದು ಬೇರೆ ಊರಿನ ಟಿಪ್ಪಣಿಗಳಲ್ಲಿ ಸಿಗದ ಭಾಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಬೀರುವಿನಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಚರ್ಮದ ಒರೆ ತೇವ ಹೀರಿಕೊಂಡು ಉಕ್ಕಿಗೆ ಒತ್ತಿ ಹಿಡಿಯುತ್ತದೆ. ಹದ ಮಾಡುವಾಗ ಬಳಸಿದ ಲವಣಗಳೂ ಅದರೊಳಗಿರುತ್ತವೆ. ರಾತ್ರಿ ಒರೆಯಲ್ಲೇ ಬಿಟ್ಟ ಆಯುಧದ ಮೇಲೆ ಮೊದಲು ಕಂದು ಚುಕ್ಕೆ, ಆಮೇಲೆ ಕುಳಿ. ಆದ್ದರಿಂದ ಮನೆಗೆ ಬಂದೊಡನೆ ಗುಂಡು ತೆಗೆದು, ಒಣ ಬಟ್ಟೆಯಿಂದ ಒರೆಸಿ, ಎಣ್ಣೆಯ ತೆಳುಪದರ ಸವರಿ, ಒರೆಯಿಂದ ಹೊರಗೇ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೀಗದ ಪೆಟ್ಟಿಗೆಯಲ್ಲಿಡಿ. ಮೈಗೆ ಅಂಟಿಕೊಂಡಿರುವ ಬದಿಯಲ್ಲಿ ಬೆವರಿನ ಉಪ್ಪು ಕೂರುತ್ತದೆ. ಹಿಡಿಯ ಪಟ್ಟಿಯ ಅಂಚು, ತಿರುಪುಗಳ ತಲೆ, ಉರುಳೆಯ ಹಿಂಬದಿಯನ್ನು ಹತ್ತಿಕಡ್ಡಿಯಿಂದ ನೋಡಬೇಕು. ತೋಟಾಗಳಿಗೆ ಎಣ್ಣೆ ತಾಗಿಸಬೇಡಿ. ಎಣ್ಣೆ ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಕ್ಯಾಪ್‌ನೊಳಗೆ ಇಳಿದರೆ ತೋಟಾ ಸಿಡಿಯದೆ ಕೈಕೊಡಬಹುದು. ಮಳೆಗಾಲಕ್ಕೆ ಗಟ್ಟಿ ಪ್ಲಾಸ್ಟಿಕ್ ಒರೆ ಸಾಕು, ಚರ್ಮದ ಅಂದ ಬೇಸಿಗೆಗೆ.

ಅಂಗಡಿಯ ಮೇಜಿನ ಮುಂದೆ

ಮಾರುವವನು ಖಾಲಿ ಎಂದರೂ ನೀವೇ ತೆರೆದು ನೋಡಿ, ಕಿರುಬೆರಳಿನಿಂದ ಗುಂಡು ಕೂರುವ ಪ್ರತಿ ಕೋಶವನ್ನೂ ಮುಟ್ಟಿ ನೋಡಿ. ನಳಿಗೆ ಜನರಿಲ್ಲದ ಕಡೆಗೆ ಇರಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ತುದಿಗೆ ಹತ್ತಿ ಕೂರುತ್ತದೆಯೇ, ಮುಂಗೈ ಮೂಳೆ ನಳಿಗೆಯ ಸಾಲಿಗೆ ಬರುತ್ತದೆಯೇ, ಆಗ ತೋರುಬೆರಳಿನ ತುದಿಯ ಮೆತ್ತೆ ಟ್ರಿಗರ್‌ನ ನಡುವಿಗೆ ತಲುಪುತ್ತದೆಯೇ ನೋಡಿಕೊಳ್ಳಿ. ಕೈ ತಿರುಚಿ ಬೆರಳು ನಿಲುಕಿಸಬೇಕಾದರೆ ಆ ಆಯುಧ ನಿಮ್ಮದಲ್ಲ, ಬೆಲೆ ಎಷ್ಟೇ ಒಗ್ಗಿದರೂ. ಬಳಿಕ ಮಾರಾಟಗಾರರ ಅನುಮತಿ ಕೇಳಿ, ಡಮ್ಮಿ ತೋಟಾ ಹಾಕಿ, ಮುಂದಿನ ಗುರಿಕಡ್ಡಿಯ ಮೇಲೆ ಕಣ್ಣಿಟ್ಟು ನಿಧಾನವಾಗಿ ಟ್ರಿಗರ್ ಎಳೆಯಿರಿ. ಸುತ್ತಿಗೆ ಬೀಳುವ ಕ್ಷಣದಲ್ಲಿ ಕಡ್ಡಿ ಎಷ್ಟು ತುಳುಕಿತು? ಎರಡು ಮೂರು ಮಾದರಿಗಳನ್ನು ಹೀಗೆ ಹೋಲಿಸಿದರೆ ಕೈಪಿಡಿಯ ಅಂಕಿಗಳಿಗಿಂತ ಹೆಚ್ಚು ತಿಳಿಯುತ್ತದೆ. ರಿವಾಲ್ವರ್ ಆದರೆ ಸುತ್ತಿಗೆ ಎಳೆದಿಟ್ಟು ಉರುಳೆಯನ್ನು ಬೆರಳಿನಿಂದ ಅಲುಗಾಡಿಸಿ. ಆಟ ಜಾಸ್ತಿ ಇದ್ದರೆ ಬೇರೆ ತೋರಿಸಲು ಹೇಳಿ. ಸುತ್ತಿಗೆಯನ್ನು ಹೆಬ್ಬೆರಳಿನಿಂದ ತಡೆಹಿಡಿದು ಮೆಲ್ಲಗೆ ಇಳಿಸಲು ಮರೆಯಬೇಡಿ.

ಇವೆಲ್ಲದರಲ್ಲಿ ನನ್ನ ಒಲವು ಪ್ರಬಲ್‌ನಂಥ ಮಧ್ಯಮ ತೂಕದ ರಿವಾಲ್ವರ್ ಕಡೆಗೆ. ನಿರ್ಭೀಕ್‌ಗಿಂತ ಸೊಂಟಕ್ಕೆ 175 ಗ್ರಾಂ ಹೆಚ್ಚು ಹೊರೆ, ನಿಜ. ಆ ಹೊರೆ ಒರೆ ಮತ್ತು ಬೆಲ್ಟ್‌ನ ಮೇಲೆ ಬೀಳುತ್ತದೆ. ಒದೆತ ಬೀಳುವುದು ನಮ್ಮ ಮಣಿಕಟ್ಟಿನ ಮೇಲೆ. ಖರೀದಿಯಾದ ಮೇಲೆ ಆಯುಧದ ಮೇಲೆ ಕೆತ್ತಿದ ಸಂಖ್ಯೆ ಬಿಲ್ಲಿನಲ್ಲೂ ಪರವಾನಗಿಯಲ್ಲೂ ಒಂದೇ ಇದೆಯೇ ಎಂದು ಅಂಕಿ ಅಂಕಿಯಾಗಿ ಓದಿ ಸರಿನೋಡಿ, ಆಮೇಲೆ ಅಂಗಡಿಯಿಂದ ಹೊರಡಿ.