ಮೊದಲು ತೋಟಾದ ಕುತ್ತಿಗೆ ನೋಡಿ

ಕಳೆದ ಸೆಪ್ಟೆಂಬರಿನಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಹೊರಗೆ ನಾನು ಹೊಸಬರಿಗೆ ಗುರಿ ಕಲಿಸುವ ಶೂಟಿಂಗ್ ರೇಂಜಿಗೆ ಹಾಸನ ಕಡೆಯ ಹುಡುಗನೊಬ್ಬ ಬಂದಿದ್ದ. ಫೋನಿನಲ್ಲಿ ಒಂದು ರೈಫಲ್ಲಿನ ಫೋಟೊ ತೋರಿಸಿ, "ಸರ್, .243 ತಗೋಬೇಕು ಅಂತಿದೀನಿ. ಒದೆತ ಕಮ್ಮಿ, ಜಿಂಕೆಗೆ ಧಾರಾಳ ಸಾಕು ಅಂತಾರೆ" ಎಂದ.

ಹೇಳಿದವರು ಸುಳ್ಳೇನೂ ಹೇಳಿರಲಿಲ್ಲ. .243 ವಿಂಚೆಸ್ಟರ್ 1955ರಿಂದಲೂ ಹೊಸಬರ ಕೈಗೆ ಒಗ್ಗಿದ ತೋಟಾ. ಆದರೆ ಅದನ್ನು ಹಿಡಿದು ಓಹಾಯೋದಲ್ಲಿ ಜಿಂಕೆ ಬೇಟೆಗೆ ಹೋಗುವಂತಿಲ್ಲ. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ನಡೆಯುತ್ತದೆ, ಇಲ್ಲಿ ನಡೆಯಲ್ಲ.

ನಾನು ಪಾಠಕ್ಕೆ ಇಟ್ಟುಕೊಂಡಿರುವ ಎರಡು ಡಮ್ಮಿ (ಮದ್ದಿಲ್ಲದ, ಸಿಡಿಯದ) ತೋಟಾಗಳನ್ನು ಮೇಜಿನ ಮೇಲೆ ನಿಲ್ಲಿಸಿದೆ. ಒಂದು .243. ಅದರ ಹಿತ್ತಾಳೆ ಕೊಳವೆ ಮೇಲಕ್ಕೆ ಹೋಗುತ್ತಾ ಕುತ್ತಿಗೆ ಸಣ್ಣಗಾಗುತ್ತದೆ, ಥೇಟ್ ಬಾಟಲಿ. ಇನ್ನೊಂದು .350 ಲೆಜೆಂಡ್. ಕುತ್ತಿಗೆಯೇ ಇಲ್ಲ, ಸೀಮೆಸುಣ್ಣದ ಕಡ್ಡಿಯ ಹಾಗೆ ನೆಟ್ಟಗಿದೆ. ಓಹಾಯೋದಲ್ಲಿ ಮೊದಲು ಜಿಂಕೆಗೆ ಶಾಟ್‌ಗನ್ನು, ಕೈಬಂದೂಕು, ನಮ್ಮ ಕಡೆಯ ಕೇಪಿನ ಕೋವಿಯಂಥ ಮದ್ದು ತುಂಬುವ ಕೋವಿಗಳಿಗಷ್ಟೇ ಅನುಮತಿ ಇತ್ತು. 2014ರಿಂದ ಈ ನೆಟ್ಟನೆ ತೋಟಾದ ರೈಫಲ್ಲುಗಳನ್ನೂ ಬಿಟ್ಟರು. ಗುಂಡಿನ ಅಡ್ಡಳತೆ .357ರಿಂದ .50 ಇಂಚಿನೊಳಗಿರಬೇಕು. ಸಪಾಟು ಜೋಳದ ಹೊಲ, ನಡುನಡುವೆ ಮನೆಗಳಿರುವ ಸೀಮೆ ಇದು. ಬಾಟಲಿ ಕುತ್ತಿಗೆಯ ತೋಟಾದ ಗುಂಡು ಸಾಮಾನ್ಯವಾಗಿ ನೆಟ್ಟನೆ ತೋಟಾದ ಗುಂಡಿಗಿಂತ ತುಂಬಾ ದೂರ ಹೋಗುತ್ತದೆ.

"ಸರ್, .350 ಅಂದ್ರೆ .357ಕ್ಕಿಂತ ಕಮ್ಮಿ ಅಲ್ವಾ?" ಒಳ್ಳೆಯ ಪ್ರಶ್ನೆ. ಅದು ಬರೀ ಹೆಸರು. ಗುಂಡಿನ ಅಡ್ಡಳತೆ .357 ಇಂಚೇ ಇದೆ. ತೋಟಾಗಳ ಹೆಸರನ್ನು ನಂಬಿ ಲೆಕ್ಕ ಹಾಕಬೇಡಿ.

ಈಗ ಒದೆತದ ವಿಷಯ. ನಾನು ಗೋಣಿಕೊಪ್ಪಲಿನ ಕಡೆಯವನು. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಡುವಾಗ ಹನ್ನೆರಡು ಬೋರಿನ ಕೋವಿ ಒದ್ದ ನೋವು ಈ ಬಲ ಭುಜಕ್ಕೆ ಇನ್ನೂ ನೆನಪಿದೆ. (ಊರಲ್ಲಿ ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಬೇಟೆಗಿಲ್ಲ. 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ.) ಹನ್ನೆರಡು ಬೋರಿನಲ್ಲಿ ಸ್ಲಗ್ (ಚರೆಯ ಬದಲು ಒಂದೇ ದಪ್ಪ ಗುಂಡು) ಹೊಡೆದರೆ ಭುಜಕ್ಕೆ ಸುಮಾರು 30 ಅಡಿ-ಪೌಂಡ್ ಒದೆತ; ಒದೆತ ಅಳೆಯುವುದು ಈ ಮಾನದಲ್ಲಿ. .450 ಬುಷ್‌ಮಾಸ್ಟರ್ ಎಂಬ ಇನ್ನೊಂದು ನೆಟ್ಟನೆ ತೋಟಾ ಕೂಡ ಇಲ್ಲಿ ಕಾನೂನಿಗೆ ಒಪ್ಪುತ್ತದೆ, ಆದರೆ 20 ದಾಟುತ್ತದೆ. .350 ಲೆಜೆಂಡ್ ಏಳು ಪೌಂಡಿನ ರೈಫಲ್ಲಿನಲ್ಲಿ ಹತ್ತರ ಆಸುಪಾಸು. ಹುಡುಗ ಆಸೆಪಟ್ಟ .243 ಕೂಡ ಹೆಚ್ಚುಕಮ್ಮಿ ಅಷ್ಟೇ. 150 ಗಜದೊಳಗೆ ಬಿಳಿಬಾಲದ ಜಿಂಕೆಗೆ ಲೆಜೆಂಡ್ ಸಾಕೋ ಸಾಕು. ಹಾಗಾಗಿ ಹೊಸಬರಿಗೆ ನಾನು ಬೇರೆ ಹೆಸರು ಹೇಳುವುದೇ ಅಪರೂಪ.

ಅಂಗಡಿಯಲ್ಲಿ ಕೆಲವರು "ದೊಡ್ಡದೇ ತಗೊಳ್ಳಿ, ಆಮೇಲೆ ಅಭ್ಯಾಸ ಆಗುತ್ತೆ" ಅನ್ನುತ್ತಾರೆ. ಅಭ್ಯಾಸ ಆಗುವುದು ಬೆಚ್ಚುವುದು. ಒಮ್ಮೆ ಜೋರಾಗಿ ಒದೆಸಿಕೊಂಡ ಭುಜ ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಮುದುಡುತ್ತದೆ, ಕಣ್ಣು ಮುಚ್ಚುತ್ತದೆ. ಗುಂಡು ಶ್ವಾಸಕೋಶ ಬಿಟ್ಟು ಹೊಟ್ಟೆಗೆ ಬೀಳುತ್ತದೆ. ಜಿಂಕೆ ಆ ನೋವಿನಲ್ಲೇ ಓಡಿ ಕತ್ತಲಲ್ಲಿ ಎಲ್ಲೋ ಸಾಯುತ್ತದೆ. ಆ ರಕ್ತದ ಜಾಡು ಹಿಡಿದು ಟಾರ್ಚ್ ಬೆಳಕಲ್ಲಿ ನಡೆದವರು ಯಾರೂ ಮತ್ತೆ ದೊಡ್ಡ ತೋಟಾದ ಜಂಬ ಕೊಚ್ಚಲ್ಲ.

ಬೆಚ್ಚುತ್ತೀರೋ ಇಲ್ಲವೋ ನಿಮಗೇ ಗೊತ್ತಾಗಲ್ಲ. ನಾನು ಮಾಡುವುದಿಷ್ಟು: ನಿಜವಾದ ತೋಟಾಗಳ ನಡುವೆ ಅವರಿಗೆ ಹೇಳದೆ ಒಂದು ಡಮ್ಮಿ ಸೇರಿಸುತ್ತೇನೆ. ಅದರ ಸರದಿ ಬಂದಾಗ ಟ್ರಿಗರ್ ಬರೀ 'ಟಿಕ್' ಅನ್ನುತ್ತದೆ, ಆದರೆ ನಳಿಗೆಯ ತುದಿ ಒಂದಿಂಚು ಕೆಳಕ್ಕೆ ಕುಕ್ಕುತ್ತದೆ. ಅಲ್ಲಿಗೆ ಗುಟ್ಟು ರಟ್ಟು. ಅಂಥವರನ್ನು ಮತ್ತೆ, ಒದೆತ ಇಲ್ಲವೇ ಇಲ್ಲ ಅನ್ನಬಹುದಾದ ಸಣ್ಣ ತೋಟಾ .22ಕ್ಕೆ ಇಳಿಸುತ್ತೇನೆ. .22ರಲ್ಲಿ ಜಿಂಕೆ ಹೊಡೆಯುವಂತಿಲ್ಲ, ಕಲಿಯಲು ಮಾತ್ರ ಅದರಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ.

ಒದೆತಕ್ಕೆ ತೋಟಾ ಒಂದೇ ಕಾರಣ ಅಲ್ಲ. ರೈಫಲ್ ಹಗುರಾದಷ್ಟೂ ಜಾಸ್ತಿ ಒದೆಯುತ್ತದೆ. ಇಲ್ಲಿ ಬೇಟೆ ಎಂದರೆ ಬಹುಪಾಲು ಮರದ ಮೇಲೋ ಗುಡಾರದಲ್ಲೋ ಕೂತು ಕಾಯುವುದು. ಏಳು ಪೌಂಡ್ ಭಾರವೇನೂ ಅಲ್ಲ. ಹಾಗೇ ಉದ್ದ. ಸಾಮಾನ್ಯ ಸ್ಟಾಕ್ (ಭುಜಕ್ಕೆ ಆನಿಸುವ ಹಿಂಭಾಗ) ಟ್ರಿಗರಿನಿಂದ ಹಿಂಬದಿಗೆ ಹದಿಮೂರುವರೆ ಇಂಚಿನಷ್ಟಿರುತ್ತದೆ. ನಮ್ಮಲ್ಲಿ ಐದಡಿ ಚಿಲ್ಲರೆಯವರು ಕತ್ತು ಚಾಚಿ ಹಿಡಿಯಬೇಕಾಗುತ್ತದೆ. ರೈಫಲ್ ಖಾಲಿ ಇದೆ ಎಂದು ಖಾತ್ರಿ ಮಾಡಿಕೊಂಡು ಅದರ ಬುಡವನ್ನು ಮೊಣಕೈ ಮಡಿಕೆಗೆ ಒತ್ತಿ. ಬೆರಳಿನ ಮೊದಲ ಗೆಣ್ಣು ಆರಾಮಾಗಿ ಟ್ರಿಗರ್ ಮುಟ್ಟಬೇಕು. ಇಲ್ಲದಿದ್ದರೆ ಕಾಂಪ್ಯಾಕ್ಟ್ ಮಾಡೆಲ್ ಕೇಳಿ. ನಾಚಿಕೊಂಡು ದೊಡ್ಡದನ್ನೇ ತಗೊಂಡವರ ಹುಬ್ಬಿಗೆ ಸ್ಕೋಪಿನ ಅಂಚು ಹೊಡೆದು ಅರ್ಧಚಂದ್ರ ಮೂಡಿದ್ದನ್ನು ನೋಡಿದ್ದೇನೆ.

ನಮೂನೆ ಬೋಲ್ಟ್ ಆಕ್ಷನ್ ಇರಲಿ, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಹಿಡಿ ಎಳೆದು ತೋಟಾ ಏರಿಸುವಂಥದ್ದು. ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ಎರಡೂ .350 ಲೆಜೆಂಡಿನಲ್ಲಿ ಸಿಗುತ್ತವೆ, ಮೊದಲ ರೈಫಲ್ಲಿಗೆ ಅದಕ್ಕಿಂತ ದುಬಾರಿ ಬೇಕಿಲ್ಲ. ಓಹಾಯೋದಲ್ಲಿ ನಳಿಗೆ ಮತ್ತು ಮ್ಯಾಗಜೀನ್ ಸೇರಿ ಮೂರೇ ತೋಟಾ, ಮರೆಯಬೇಡಿ. ಒದೆತ ಇಳಿಸಲು ನಳಿಗೆಯ ತುದಿಗೆ ಸಿಕ್ಕಿಸುವ ಬ್ರೇಕ್ ಬೇಡ. ಭುಜ ಉಳಿಯುತ್ತದೆ, ಸದ್ದು ಜೋರಾಗಿ ಕಿವಿ ಹೋಗುತ್ತದೆ.

ಇನ್ನು ಇದು ವೀಸಾದ ಮೇಲಿರುವವರಿಗೆ. ಆ ಹುಡುಗನಿಗೆ ಕೋವಿ ಮುಟ್ಟಿಸುವ ಮೊದಲೇ ನಾನು ಕೇಳಿದ್ದು ಇದನ್ನು. ಎಚ್-1ಬಿಯಂಥ ವೀಸಾದವರು ಇಲ್ಲಿಯ ಕೇಂದ್ರ ಕಾನೂನಿನ ಪ್ರಕಾರ ಕೋವಿ, ತೋಟಾ ಎರಡನ್ನೂ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದಲ್ಲಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡಿನವರಿಗೆ ಈ ತೊಡಕಿಲ್ಲ. ಅಂದರೆ ಮೊದಲು ಹಂಟರ್ ಎಜುಕೇಶನ್ ಕೋರ್ಸ್, ಆಮೇಲೆ ಲೈಸೆನ್ಸ್, ಆಮೇಲೆ ಅಂಗಡಿ. ಅಂಗಡಿಯಲ್ಲಿ 4473 ಎಂಬ ಫಾರಂ ತುಂಬುವಾಗ ವೀಸಾದ ಪ್ರಶ್ನೆ ಇರುತ್ತದೆ, ಸತ್ಯ ಬರೆದು ಲೈಸೆನ್ಸ್ ತೋರಿಸಿ. "ನನ್ನ ಹೆಸರಲ್ಲಿ ತಗೊಂಡು ನಿನಗೆ ಕೊಡ್ತೀನಿ ಬಿಡು" ಎನ್ನುವ ಗೆಳೆಯನಿಂದ ದೂರ ಇರಿ. ಅದು ಇಬ್ಬರಿಗೂ ಜೈಲಿನ ದಾರಿ. ಸಣ್ಣ ಅನುಮಾನ ಇದ್ದರೂ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಹುಡುಗನ ಹತ್ತಿರ ಲೈಸೆನ್ಸ್ ಆಗಲೇ ಇತ್ತು, ಜಾಣ. ಅಕ್ಟೋಬರ್ ಕೊನೆಗೆ ಕಾಂಪ್ಯಾಕ್ಟ್ .350 ಹಿಡಿದು ಮತ್ತೆ ಬಂದ. ಐವತ್ತು ಗಜದಲ್ಲಿ ಪೇಪರ್ ಪ್ಲೇಟಿಗೆ ಮೂರು ಗುಂಡು ಕೂರಿಸಿದ. ನಾಲ್ಕನೆಯದು ನನ್ನ ಡಮ್ಮಿ. ಟಿಕ್ ಅಂತು. ನಳಿಗೆ ಅಲುಗಲಿಲ್ಲ. ನನ್ನ ಕಡೆ ತಿರುಗಿ ನಕ್ಕ. ಥ್ಯಾಂಕ್ಸ್‌ಗಿವಿಂಗ್ ಆದ ಸೋಮವಾರ ಗನ್ ಸೀಸನ್ ಶುರು, ಎಲ್ಲ ತಯಾರಿ ಆಯ್ತಾ ಎಂದು ಕೇಳಿದೆ. ಕಿತ್ತಳೆ ಜಾಕೆಟ್ ಒಂದು ಬಾಕಿ ಸರ್ ಅಂದ.